ಮರದ ಹಡಗಿನ ಮಾದರಿ: ಮೊದಲ ಪ್ರಯತ್ನಕ್ಕೆ ‘ವಿಕ್ಟರಿ’ ಸರಿಯೇ?

ಬಾಲ್ಕನಿ ಬಡಗಿ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಕಚೇರಿಯ ಕೆಲಸವೆಲ್ಲ ಕಂಪ್ಯೂಟರ್ ಪರದೆಯ ಮೇಲೆಯೇ ಮುಗಿದುಹೋಗುತ್ತದೆ. ಸಂಜೆಯಾದರೂ ಕೈಗೆ ಏನಾದರೂ ಕೆಲಸ ಕೊಡೋಣವೆಂದು ಮರದ ಹಡಗಿನ ಮಾದರಿ ಕಟ್ಟುವ ಯೋಚನೆ ಮಾಡಿದ್ದೇನೆ. ಕಾಲೇಜು ದಿನಗಳಲ್ಲಿ ಪ್ಲಾಸ್ಟಿಕ್ ವಿಮಾನಗಳನ್ನು ಜೋಡಿಸಿದ ಅನುಭವವಿದೆ. ಮರದ ಕೆಲಸ ಮಾತ್ರ ಹೊಸದು.

ಮನಸ್ಸು ನೆಟ್ಟಿರುವುದು ಬ್ರಿಟಿಷ್ ನೌಕಾಧಿಪತಿ ನೆಲ್ಸನ್‌ನ ‘ವಿಕ್ಟರಿ’ ಹಡಗಿನ ಮೇಲೆ. 1:72 ಅಳತೆಯ, ಅಂದರೆ ನಿಜದ ಹಡಗಿನ 72ನೇ ಒಂದರಷ್ಟು ಗಾತ್ರದ ಕಿಟ್ ನೋಡಿಟ್ಟಿದ್ದೇನೆ. ಬೆಲೆ ನೋಡಿ ಎದೆ ಝಲ್ಲೆಂದರೂ ಅದರ ಚಿತ್ರದ ಮುಂದೆ ಬೇರೆ ಯಾವುದೂ ಕಣ್ಣಿಗೆ ಹಿಡಿಯುತ್ತಿಲ್ಲ. ಮೊದಲ ಪ್ರಯತ್ನಕ್ಕೇ ಇದನ್ನು ಎತ್ತಿಕೊಳ್ಳಬಹುದೇ? ಕಿಟ್ ಬಿಟ್ಟು ಇಲ್ಲಿಯದೇ ಮರ ತಂದು ನಕ್ಷೆ ನೋಡಿ ಕಟ್ಟುವವರೂ ಇದ್ದಾರೆಂದು ಕೇಳಿದ್ದೇನೆ. ಹಾಗೆ ಮಾಡುವುದಾದರೆ ತೇಗ ಆಗಬಹುದೇ? ಊರಿನ ಹಳೆ ಮನೆ ಕೆಡವಿದಾಗ ಉಳಿದ ಒಳ್ಳೆಯ ತೇಗದ ತುಂಡುಗಳು ನಮ್ಮಲ್ಲಿವೆ.

ಮನೆ ಎರಡು ಕೋಣೆಯ ಫ್ಲಾಟ್. ಕೆಲಸಕ್ಕೆ ಸಿಗುವುದು ಊಟದ ಮೇಜು ಮತ್ತು ಬಾಲ್ಕನಿಯ ಒಂದು ಮೂಲೆ. ಊಟದ ಹೊತ್ತಿಗೆ ಮೇಜು ಖಾಲಿಯಾಗಿರಬೇಕು ಎಂಬುದು ಮನೆಯವರ ಷರತ್ತು. ಕೆಳಗಿನ ಮನೆಯವರು ಮಿಕ್ಸಿಯ ಸದ್ದಿಗೂ ಫೋನ್ ಮಾಡುತ್ತಾರೆ, ಹಾಗಾಗಿ ಯಂತ್ರದ ಗರಗಸ ಇತ್ಯಾದಿ ಸಾಧ್ಯವಿಲ್ಲ. ಅನುಭವಿಗಳು ದಾರಿ ತೋರಿಸಬೇಕು.

ಅಂಟು-ಬಣ್ಣ, ಹುಬ್ಬಳ್ಳಿ

ಆಸೆಪಟ್ಟಿದ್ದನ್ನೇ ಕೊಳ್ಳಿ ಎನ್ನುವ ಪಕ್ಷ ನನ್ನದು. ಮನಸ್ಸಿಲ್ಲದ ಸಣ್ಣ ದೋಣಿಯನ್ನು ಅಭ್ಯಾಸಕ್ಕೆಂದು ಕಟ್ಟಲು ಕುಳಿತರೆ ಎರಡನೆಯ ವಾರಕ್ಕೇ ಬೇಸರ ಬರುತ್ತದೆ. ಪ್ಲಾಸ್ಟಿಕ್ ಮಾದರಿ ಮಾಡಿದವರಿಗೆ ಸೂಚನಾ ಪುಸ್ತಕ ಓದುವ ಶಿಸ್ತು ಇರುತ್ತದೆ, ಉಳಿದದ್ದು ತಾನಾಗಿ ಬರುತ್ತದೆ.

ಖರ್ಚಿನ ಲೆಕ್ಕ ಮಾತ್ರ ಮೊದಲೇ ಹಾಕಿ. ಸ್ಕೇಲ್ ಮಾದರಿಗಳು ಸುಂಕದ ಪಟ್ಟಿಯಲ್ಲಿ ಆಟಿಕೆಗಳ ಜೊತೆಗೇ ಬರುತ್ತವೆ. ಅವುಗಳ ಮೂಲ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ಅದರ ಮೇಲೆ ಜಿಎಸ್‌ಟಿ, ಸಾಗಣೆ ವೆಚ್ಚ. ಜಾಲತಾಣದಲ್ಲಿ ಕಂಡ ಬೆಲೆಯನ್ನು ದುಪ್ಪಟ್ಟು ಮಾಡಿಕೊಂಡು ಆಮೇಲೆ ಮನೆಯಲ್ಲಿ ಮಾತು ತೆಗೆಯಿರಿ.

ಪಂಚಗಂಗಾವಳಿ, ಗಂಗೊಳ್ಳಿ

ಹುಬ್ಬಳ್ಳಿಯವರ ಮಾತಿನಲ್ಲಿ ಸುಂಕದ ಭಾಗವನ್ನು ಒಪ್ಪುತ್ತೇನೆ, ಉಳಿದದ್ದನ್ನು ಒಪ್ಪುವುದಿಲ್ಲ. ವಿಕ್ಟರಿ ಬೇಡ. ಈಗ ಬೇಡ.

ನಾನು ಎರಕದ ಕಾರ್ಖಾನೆಯ ಪ್ಯಾಟರ್ನ್ ವಿಭಾಗದಲ್ಲಿ ದುಡಿದವನು. ಕಬ್ಬಿಣದ ಯಾವ ಭಾಗವನ್ನು ಎರಕ ಹೊಯ್ಯಬೇಕಾದರೂ ಮೊದಲು ಅದರ ಪಡಿಯಚ್ಚನ್ನು ಮರದಲ್ಲಿ ಮಾಡಬೇಕು. ಎರಕದ ಕಬ್ಬಿಣ ತಣಿಯುವಾಗ ಶೇ 1ರಷ್ಟು ಕುಗ್ಗುವುದರಿಂದ ಅಷ್ಟೇ ಹಿಗ್ಗಿಸಿ ಗೆರೆ ಹಾಕಿದ ಬೇರೆಯೇ ಅಳತೆಪಟ್ಟಿ ನಮ್ಮ ಜೇಬಿನಲ್ಲಿರುತ್ತಿತ್ತು. ನಿವೃತ್ತಿಯ ನಂತರ ಊರಿಗೆ ಬಂದವನು ಈಗ ಹಡಗು ಕಟ್ಟುತ್ತಿದ್ದೇನೆ. ಮುಂದೆ ನಾನು ಮಿಲಿಮೀಟರಿಗೆ ಜಗಳವಾಡಿದರೆ ಅದು ಹಳೆಯ ಉದ್ಯೋಗದ ದೋಷವೆಂದು ಕ್ಷಮಿಸಬೇಕು.

ವಿಕ್ಟರಿ 1765ರಲ್ಲಿ ಚಾಥಮ್‌ನಲ್ಲಿ ನೀರಿಗಿಳಿದ ಮೊದಲ ದರ್ಜೆಯ ಯುದ್ಧನೌಕೆ. ಮೂರು ಕೂವೆಮರ (ಹಾಯಿ ಕಟ್ಟುವ ಕಂಬ), 37 ಹಾಯಿ, 104 ಫಿರಂಗಿ. ಒಂದು ಫಿರಂಗಿಯ ಬಂಡಿಗೆ ಎರಡು ಪಕ್ಕದ ಹಲಗೆ, ಎರಡು ಅಚ್ಚುಮರ, ನಾಲ್ಕು ಗಾಲಿ. ಸಿಡಿದಾಗ ಹಿಂದಕ್ಕೆ ನುಗ್ಗದಂತೆ ತಡೆಯುವ ದಪ್ಪ ಹಗ್ಗ ಬೇರೆ. ಹಡಗಿನ ತಳಕ್ಕೆ ಹೊದಿಸಿದ ತಾಮ್ರದ ತಗಡುಗಳೇ ಸುಮಾರು 3,900. ಒಂದು ತಗಡು 4 ಅಡಿ ಉದ್ದ, 14 ಅಂಗುಲ ಅಗಲವಿದ್ದರೆ ನಿಮ್ಮ ಮಾದರಿಯಲ್ಲಿ ಅದು 17 ಮಿ.ಮೀ. ಉದ್ದ, 5 ಮಿ.ಮೀ. ಅಗಲದ ಚೂರು. ಇಷ್ಟನ್ನೂ ಬೆರಳ ತುದಿಯಲ್ಲಿ ಅಂಟಿಸುವ ತಾಳ್ಮೆ ನಿಮಗೆ ಇದೆ ಎಂದೇ ಇಟ್ಟುಕೊಳ್ಳೋಣ. ಮುಗಿದ ಮಾದರಿ 1.3 ಮೀಟರ್ ಉದ್ದವಾಗುತ್ತದೆ. ಊಟದ ಮೇಜಿನ ಷರತ್ತು ಅಲ್ಲಿಗೆ ಮುರಿಯಿತು. ಇಂತಹ ಕಿಟ್ ಕೊಂಡವರಲ್ಲಿ ಮುಗಿಸಿದವರಿಗಿಂತ ಅಟ್ಟಕ್ಕೇರಿಸಿದವರನ್ನೇ ನಾನು ಹೆಚ್ಚು ನೋಡಿದ್ದೇನೆ.

ಆದರೂ ನನ್ನ ತಕರಾರು ಸಂಖ್ಯೆಗಳದ್ದಲ್ಲ, ಒಡಲಿನದು. ಹಡಗೆಂದರೆ ಒಡಲು, ಫಿರಂಗಿ, ಹಗ್ಗ, ಹಾಯಿ ಎಲ್ಲ ಆಮೇಲಿನ ಅಲಂಕಾರ. ಒಡಲಿನ ಹಲಗೆ ಹೊದಿಸುವುದು ಕಲಿಯದೆ ವಿಕ್ಟರಿಗೆ ಕೈ ಹಾಕಿದರೆ ಮುಂದಿನ ಎಲ್ಲ ಕೆಲಸವೂ ಸೊಟ್ಟ ಒಡಲಿನ ಮೇಲೆಯೇ ಕೂರಬೇಕು.

ಕಿಟ್‌ಗಳಲ್ಲಿ ಸಾಮಾನ್ಯವಾಗಿ ಉದ್ದಕ್ಕೆ ಒಂದು ಬೆನ್ನುಹಲಗೆ, ಅದಕ್ಕೆ ಅಡ್ಡಲಾಗಿ ಸಿಕ್ಕಿಸುವ ಪ್ಲೈವುಡ್ ಚೌಕಟ್ಟುಗಳು ಇರುತ್ತವೆ. ಈ ಅಡ್ಡಚೌಕಟ್ಟುಗಳನ್ನು ಬಲ್ಕ್‌ಹೆಡ್ ಎನ್ನುತ್ತಾರೆ. ಅವುಗಳ ಮೇಲೆ ತೆಳುವಾದ ಪಟ್ಟಿಗಳನ್ನು ಮೂತಿಯಿಂದ ಹಿಂಬದಿಯವರೆಗೆ ಅಂಟಿಸುತ್ತಾ ಹೋಗಬೇಕು. ಪೆಟ್ಟಿಗೆಯಲ್ಲಿರುವ ಪಟ್ಟಿಗಳೆಲ್ಲ ತುದಿಯಿಂದ ತುದಿಗೆ ಒಂದೇ ಅಗಲ. ಹೊಸಬರು ಅವನ್ನು ಹಾಗೆಯೇ ಅಂಟಿಸಿ, ಮೂತಿಯ ಬಳಿ ಪಟ್ಟಿಗಳು ಒಂದರ ಮೇಲೊಂದು ಏರಿದಾಗ ಕಿಟ್ ಮಾಡಿದವರನ್ನು ಬಯ್ಯುತ್ತಾರೆ.

ಲೆಕ್ಕ ನೋಡಿ. ಹಡಗಿನ ನಡುವಿನ ಚೌಕಟ್ಟಿನಲ್ಲಿ ಅಡಿಯಿಂದ ಅಟ್ಟದವರೆಗೆ (ಡೆಕ್), ಬಾಗಿನ ಮೇಲೆಯೇ ಅಳೆದರೆ, 110 ಮಿ.ಮೀ. ಇದೆ ಎನ್ನಿ. ಪಟ್ಟಿಯ ಅಗಲ 5 ಮಿ.ಮೀ. ಆದರೆ 22 ಸಾಲು ಬೇಕು. ಮೂತಿಯ ಹತ್ತಿರದ ಚೌಕಟ್ಟಿನಲ್ಲಿ ಅದೇ ಅಂತರ 70 ಮಿ.ಮೀ. ಅಲ್ಲಿಯೂ 22 ಸಾಲೇ ಕೂರಬೇಕಾದರೆ ಪ್ರತಿಯೊಂದು ಪಟ್ಟಿಯೂ ಅಲ್ಲಿ 3.2 ಮಿ.ಮೀ.ಗೆ ಇಳಿಯಬೇಕು. ಅಂದರೆ ಪಟ್ಟಿಯ ಆಕಾರ ಕಿತ್ತಳೆಯ ತೊಳೆಯದು. ಹೊಟ್ಟೆ ಅಗಲ, ತುದಿ ಸಪೂರ. ಅಂಟಿಸುವ ಮೊದಲೇ ಪ್ರತಿ ಪಟ್ಟಿಗೂ ಈ ಇಳಿಜಾರನ್ನು ಕೀಸಿಕೊಳ್ಳಬೇಕು. ತುದಿಯ ಅಗಲ ಮೂಲದ ಅರ್ಧಕ್ಕಿಂತ ಕಡಿಮೆಯಾಗುವಂತಿದ್ದರೆ ಎರಡು ಸಾಲುಗಳನ್ನು ಅಲ್ಲಿ ಒಂದಾಗಿಸಬೇಕು. ಹಿಂಬದಿಯಲ್ಲಿ ಇದರ ತಿರುಗುಮುರುಗು, ಅಲ್ಲಿ ಜಾಗ ಹೆಚ್ಚಾಗಿ ನಡುವೆ ಬೆಣೆಯಂತಹ ಪಟ್ಟಿ ಸೇರಿಸಬೇಕಾಗುತ್ತದೆ. ಅಳೆಯಲು ದುಬಾರಿ ಉಪಕರಣ ಬೇಡ. ಒಂದು ಕಾಗದದ ಪಟ್ಟಿಯನ್ನು ಚೌಕಟ್ಟಿನ ಬಾಗಿನ ಮೇಲೆ ಒತ್ತಿ ಗುರುತು ಹಾಕಿ, ಬಿಡಿಸಿ, ಸಮಭಾಗ ಮಾಡಿ, ಮತ್ತೆ ಬಾಗಿಗೇ ವರ್ಗಾಯಿಸಿದರೆ ಮುಗಿಯಿತು.

ಇದಕ್ಕೂ ಮೊದಲು ಚೌಕಟ್ಟುಗಳ ಅಂಚನ್ನು ಓರೆ ಮಾಡಬೇಕು. ಪ್ಲೈವುಡ್ಡನ್ನು ನೇರವಾಗಿ ಕತ್ತರಿಸಿರುತ್ತಾರೆ, ಹಲಗೆಯೋ ಮೂತಿಯ ಕಡೆಗೆ ಓರೆಯಾಗಿ ಹೊರಳುತ್ತದೆ. ಓರೆ ಮಾಡದಿದ್ದರೆ ಹಲಗೆ ಚೌಕಟ್ಟಿನ ಒಂದು ಮೂಲೆಯನ್ನಷ್ಟೇ ಮುಟ್ಟಿಕೊಂಡು ನಿಲ್ಲುತ್ತದೆ. ಒಂದು ಉದ್ದನೆಯ ಪಟ್ಟಿಯನ್ನು ಅಂಟಿಲ್ಲದೆ ಹಿಡಿದು ನೋಡಿ, ಎಲ್ಲ ಚೌಕಟ್ಟುಗಳಿಗೂ ಪೂರ್ತಿ ಅಗಲಕ್ಕೆ ತಾಗುವವರೆಗೆ ಉಜ್ಜಿ. ಬೇಸರದ ಕೆಲಸ, ಒಪ್ಪುತ್ತೇನೆ. ಒಡಲಿನ ಅಂದ ತೀರ್ಮಾನವಾಗುವುದು ಮಾತ್ರ ಇಲ್ಲಿಯೇ, ಬಣ್ಣ ಬಳಿಯುವಾಗ ಅಲ್ಲ.

ಇಷ್ಟನ್ನು ಕಲಿಯಲು ಸಣ್ಣ ದೋಣಿ ಸಾಕು. ಕಿಟ್ಟೇ ಬೇಕೆಂದರೆ ಅಮೆರಿಕದ ಮಾಡೆಲ್ ಶಿಪ್‌ವೇಸ್ ಕಂಪನಿಯವರು ಹೊಸಬರಿಗಾಗಿ ಮೂರು ದೋಣಿಗಳ ಸರಣಿಯೊಂದನ್ನು ತಂದಿದ್ದಾರೆ: 1:24ರ ಡೋರಿ, 1:12ರ ನಾರ್ವೆಯ ಪ್ರಾಮ್, ಆಮೇಲೆ 1:24ರ ಲಾಬ್‌ಸ್ಟರ್ ದೋಣಿ. ಒಂದರ ಪಾಠ ಮುಂದಿನದಕ್ಕೆ ಮೆಟ್ಟಿಲಾಗುವಂತಿದೆ. ಆದರೆ ಸುಂಕ ಕಟ್ಟಿ ಡೋರಿ ತರಿಸುವ ಬದಲು ನಮ್ಮ ಕರಾವಳಿಯ ಯಾವುದಾದರೂ ಹಲಗೆ ದೋಣಿಯನ್ನು ಅಳೆದು ಕಟ್ಟಿ ಎಂದು ನಾನು ಹೇಳುತ್ತೇನೆ. ಕಣ್ಣೆದುರು ಇರುವ, ಕೈಯಿಂದ ತಡವಬಹುದಾದ ದೋಣಿಯಷ್ಟು ಒಳ್ಳೆಯ ನಕ್ಷೆ ಪೆಟ್ಟಿಗೆಯಲ್ಲಿ ಬರುವುದಿಲ್ಲ. ಅನುಮಾನ ಬಂದರೆ ಹೋಗಿ ನೋಡಿದರಾಯಿತು.

ಅಳೆಯುವುದು ಹೀಗೆ. ದಡಕ್ಕೆ ಎಳೆದಿಟ್ಟ ದೋಣಿಯನ್ನು ಆರಿಸಿಕೊಳ್ಳಿ. ಮಾಲೀಕರನ್ನು ಕೇಳಿ, ಚಹಾ ಕುಡಿಸಿ. ಮೂತಿಯಿಂದ ಹಿಂಬದಿಗೆ ಮೇಲೊಂದು ದಾರ ಬಿಗಿಯಿರಿ. ಅರ್ಧ ಮೀಟರಿಗೊಂದು ಗುರುತು ಹಾಕಿ. ಪ್ರತಿ ಗುರುತಿನಲ್ಲೂ ದಾರದಿಂದ ಅಂಚಿನವರೆಗಿನ ಅಡ್ಡ ಅಳತೆ, ತೂಕದ ಗುಂಡು ಇಳಿಬಿಟ್ಟು ಆಳದ ಅಳತೆ, ಹೊಟ್ಟೆ ತಿರುಗುವ ಕಡೆ ಇನ್ನೆರಡು ಮೂರು ಅಳತೆ ತೆಗೆದುಕೊಳ್ಳಿ. ಹಲಗೆಯ ಸಾಲುಗಳನ್ನು ಎಣಿಸಿ ಬರೆಯಿರಿ, ಫೋಟೊ ತೆಗೆಯಿರಿ. 24 ಅಡಿಯ ದೋಣಿ 1:24ರಲ್ಲಿ ಸರಿಯಾಗಿ ಒಂದು ಅಡಿ ಬರುತ್ತದೆ. ಮೇಜಿನ ಮೇಲೆ ಕೂರುತ್ತದೆ, ಊಟದ ಹೊತ್ತಿಗೆ ಎತ್ತಿಡಲೂ ಬರುತ್ತದೆ. ಒಂದು ಎಚ್ಚರಿಕೆ: ಪಾತಿ ದೋಣಿ ಆರಿಸಬೇಡಿ. ಅದು ಒಂದೇ ದಿಮ್ಮಿಯನ್ನು ತೋಡಿ ಮಾಡುವಂಥದ್ದು, ಹಲಗೆಯ ಪಾಠ ಅದರಲ್ಲಿಲ್ಲ. ಹೊಳೆಯಲ್ಲಿ ಮರಳು ಸಾಗಿಸುವ ಹಳೆಯ ಮರದ ದೋಣಿ ಸಿಕ್ಕರೆ ಒಳ್ಳೆಯದು. ಫೈಬರ್ ಹೊದಿಸಿದ್ದನ್ನು ಬಿಡಿ, ಒಳಗಿನ ಸಾಲು ಕಾಣುವುದಿಲ್ಲ.

ನಮ್ಮ ಕಡೆಯ ಹಳೆಯ ಪದ್ಧತಿ ಕಿಟ್‌ಗಳಿಗೆ ಪೂರ್ತಿ ವಿರುದ್ಧ ಎನ್ನುವುದೂ ಗೊತ್ತಿರಲಿ. ಪೆಟ್ಟಿಗೆಯಲ್ಲಿ ಮೊದಲು ಅಸ್ಥಿಪಂಜರ, ಆಮೇಲೆ ಚರ್ಮ. ಅರಬ್ಬಿ ಸಮುದ್ರದ ಹೊಲಿಗೆ ಹಡಗುಗಳಲ್ಲಿ ಹಲಗೆಗಳನ್ನೇ ಮೊದಲು ಅಂಚಿಗೆ ಅಂಚು ಕೂರಿಸಿ, ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದು, ಒಡಲು ರೂಪ ಪಡೆದ ಮೇಲೆ ಒಳಗಿನ ಪಕ್ಕೆಗಳನ್ನು ಇಳಿಸುತ್ತಿದ್ದರು. ಕಾರವಾರದ ನೌಕಾನೆಲೆಯಲ್ಲಿ 2025ರ ಮೇ 21ರಂದು ನೌಕಾಪಡೆಗೆ ಸೇರಿದ ‘ಕೌಂಡಿನ್ಯ’ ಹಾಗೆ ಕಟ್ಟಿದ್ದು. ಅಜಂತಾದ ಚಿತ್ರದಲ್ಲಿರುವ 5ನೇ ಶತಮಾನದ ಹಡಗೇ ಅದಕ್ಕೆ ಮಾದರಿ. ನಕ್ಷೆ ಉಳಿದಿರಲಿಲ್ಲ. ಗೋವಾದಲ್ಲಿ ಕೇರಳದ ಮೇಸ್ತ್ರಿ ಬಾಬು ಶಂಕರನ್ ಅವರ ತಂಡ ಅದನ್ನು ಹೊಲಿಯಿತು. ಹಾಯಿಯ ಮೇಲೆ ಗಂಡಭೇರುಂಡವಿದೆ. ಹೊಲಿಗೆ ಹಡಗಿನ ಮಾದರಿ ಮಾಡುವುದು ನನ್ನ ಮುಂದಿನ ಹುಚ್ಚು. ನಿಮಗೆ ಅದನ್ನು ಹಚ್ಚುವುದಿಲ್ಲ.

ಉಪಕರಣಗಳಿಗೆ ಹೆಚ್ಚು ಹಣ ಸುರಿಯಬೇಡಿ. ಹರಿತವಾದ ಚಾಕು, ಸ್ಟೀಲ್ ಸ್ಕೇಲ್, ವರ್ನಿಯರ್ ಕ್ಯಾಲಿಪರ್, ಪುಟ್ಟ ಕೀಸುಳಿ, ಅರಗಳು, ಬಟ್ಟೆಗೆ ಹಾಕುವ ಕ್ಲಿಪ್ಪುಗಳು. ಸಣ್ಣ ಗರಗಸ, ಚಿಮುಟ, ಕೈಯಲ್ಲಿ ತಿರುಗಿಸುವ ಡ್ರಿಲ್ ಇವೆಲ್ಲ ಬೆಂಗಳೂರಿನ ನಗರತ್ ಪೇಟೆಯ ಕಡೆ ಅಕ್ಕಸಾಲಿಗರ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತವೆ. ‘ಹಾಬಿ’ ಎಂಬ ಹಣೆಪಟ್ಟಿ ಹಚ್ಚಿಕೊಂಡು ಬರುವ ಅದೇ ಸಾಮಾನಿಗೆ ಬೆಲೆ ಹೆಚ್ಚು, ಉಕ್ಕು ಕಳಪೆ. ಇವು ಯಾವುವೂ ಕೆಳಗಿನ ಮನೆಯವರ ಕಿವಿ ಮುಟ್ಟುವುದಿಲ್ಲ.

ಅಂಟಿಗೆ ಬಿಳಿ ಫೆವಿಕಾಲ್. ಅದು ಒಣಗಿದ ಮೇಲೂ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಕಾದರೆ ಮೆತ್ತಗಾಗುತ್ತದೆ, ಹಲಗೆ ಬಿಡಿಸಿಕೊಳ್ಳಬಹುದು. ಫೆವಿಕ್ವಿಕ್ ಬೇಗ ಹಿಡಿಯುತ್ತದೆ ನಿಜ, ಆದರೆ ಅದರ ಕಲೆ ಮರಕ್ಕೆ ಇಳಿದರೆ ಮುಂದೆ ಎಣ್ಣೆ, ವಾರ್ನಿಷ್ ಅಲ್ಲಿ ಹಿಡಿಯುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಅದರ ಹೊಗೆ ಕಣ್ಣಿಗೂ ಕೆಟ್ಟದ್ದು.

ತೇಗದ ಬಗ್ಗೆ ಬೇರೆಯವರು ಹೇಳಲಿ. ನಾನು ಶುರು ಮಾಡಿದರೆ ಜಗಳವಾಗುತ್ತದೆ.

ತಿರುಗಣೆ, ಚನ್ನಪಟ್ಟಣ

ಜಗಳವಾಗಲಿ ಬಿಡಿ ಸರ್, ನಾನೂ ಅದೇ ಪಕ್ಷ. ತೇಗ ಬೇಡ.

ದೊಡ್ಡ ಹಡಗಿಗೆ ತೇಗ ರಾಜ. ಸಣ್ಣ ಹಡಗಿಗೆ ಅಲ್ಲ. ತೇಗದ ರಂಧ್ರಗಳು ಬರಿಗಣ್ಣಿಗೇ ಗೆರೆಗಳಂತೆ ಕಾಣುತ್ತವೆ. ಆ ಗೆರೆಯನ್ನು 72 ಪಟ್ಟು ದೊಡ್ಡದು ಮಾಡಿ ಯೋಚಿಸಿ, ನಿಮ್ಮ ಹಡಗಿನ ಹಲಗೆಯಲ್ಲಿ ಬೆರಳು ಹೋಗುವಷ್ಟು ಅಗಲದ ಸೀಳುಗಳಿದ್ದಂತೆ ಆಯಿತು. ಮಾದರಿಗೆ ಬೇಕಾದದ್ದು ಎಳೆಯೇ ಕಾಣದ ಮರ. ಯುರೋಪಿನವರು ಬಾಕ್ಸ್‌ವುಡ್, ಪೇರ್ ಬಳಸುವುದು ಅದಕ್ಕೇ. ಬೀಟೆಯ ಕಥೆಯೂ ತೇಗದ್ದೇ. ಜೊತೆಗೆ ಅದರ ಪುಡಿ ಕೆಲವರಿಗೆ ಚರ್ಮ ಕೆರೆಸುತ್ತದೆ, ಉಸಿರಿಗೂ ಆಗದು.

ನಮ್ಮೂರಿನ ಗೊಂಬೆಗಳಿಗೆ ಬಳಸುವ ಹಾಲೆ ಮರವನ್ನು ಒಮ್ಮೆ ನೋಡಿ. ದಂತದ ಬಣ್ಣ, ನುಣುಪಾದ ಎಳೆ, ಚಾಕುವಿಗೆ ಬೆಣ್ಣೆಯಂತೆ ಸಿಗದಿದ್ದರೂ ಅಂಚು ಚೂರಾಗುವುದಿಲ್ಲ. ನಾನು ಪಟ್ಟಡಿಯಲ್ಲಿ ಬಳೆ, ಗುಂಡು ತಿರುವುವವಳು. ಹಡಗು ಕಟ್ಟುವ ಗೆಳತಿಯೊಬ್ಬಳಿಗೆ ಹಗ್ಗದ ರಾಟೆಗಳನ್ನೂ ಪೀಪಾಯಿಗಳನ್ನೂ ಇದರಲ್ಲೇ ಮಾಡಿಕೊಟ್ಟಿದ್ದೇನೆ. 3 ಮಿ.ಮೀ. ದಪ್ಪದಲ್ಲಿ ತೂತು ಕೊರೆದರೂ ಸೀಳಲಿಲ್ಲ. ದೊಡ್ಡ ಅಗಲದಲ್ಲಿ ಸಿಗುವುದು ಕಷ್ಟ, ಆದರೆ ನಿಮಗೆ ಬೇಕಿರುವುದು ಬೆರಳಗಲದ ಪಟ್ಟಿ. ಹಸಿ ಮರ ತರಬೇಡಿ, ಚೆನ್ನಾಗಿ ಒಣಗಿದ್ದನ್ನೇ ಕೇಳಿ. ಹಾಲೆ ಹಸಿಯಾಗಿದ್ದಾಗ ಬೂಸ್ಟು ಹಿಡಿದು ನೀಲಿ ಕಲೆ ಬೀಳುತ್ತದೆ.

ನಿಮ್ಮ ಮನೆಯ ತೇಗದ ತುಂಡನ್ನು ಹಡಗಿನ ಪೀಠಕ್ಕೆ ಇಟ್ಟುಕೊಳ್ಳಿ, ಅಲ್ಲಿ ಅದರ ಎಳೆ ಚೆಂದ. ಹಲಗೆ ಹೊದಿಸಿದ ಮೇಲೆ ಹೊಡೆಯುವ ಮರದ ಮೊಳೆಗಳಿಗೆ ಊದುಬತ್ತಿಯ ಬಿದಿರುಕಡ್ಡಿಯೇ ಸಾಕು. ಅಕ್ಕಸಾಲಿಗರು ತಂತಿ ಎಳೆಯುವ ತೂತಿನ ಉಕ್ಕಿನ ತಟ್ಟೆ ಇದೆಯಲ್ಲ, ಸೀಳಿದ ಬಿದಿರನ್ನು ದೊಡ್ಡ ತೂತಿನಿಂದ ಚಿಕ್ಕ ತೂತಿಗೆ ಎಳೆಯುತ್ತಾ ಬಂದರೆ ಅರ್ಧ ಮಿ.ಮೀ.ಗಿಂತ ತುಸು ಹೆಚ್ಚಿನ ದಪ್ಪಕ್ಕೆ ಇಳಿಯುತ್ತದೆ.

ಬಾಲ್ಕನಿ ಬಡಗಿ, ಬೆಂಗಳೂರು

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ವಿಕ್ಟರಿಯ ಆಸೆಯನ್ನು ಸದ್ಯಕ್ಕೆ ಕಟ್ಟಿಡುತ್ತೇನೆ. ನನ್ನ ಅಜ್ಜಿಯ ಮನೆ ಕುಮಟಾದ ಕಡೆ, ಅಘನಾಶಿನಿಯ ದಡಕ್ಕೆ ಹತ್ತಿರ. ಮುಂದಿನ ಸಲ ಹೋದಾಗ ಅಳತೆಪಟ್ಟಿ ಒಯ್ಯುತ್ತೇನೆ.

ಆದರೂ ಮುಂದೆ ಎಂದಾದರೂ ದೊಡ್ಡದೊಂದನ್ನು ಕಟ್ಟಲೇಬೇಕು ಎಂಬ ಹಟ ಹೋಗಿಲ್ಲ. ವಿಕ್ಟರಿಯೇ ಆಗಬೇಕೆಂದಿಲ್ಲ. ನಮ್ಮ ದೇಶಕ್ಕೆ ಸಂಬಂಧವಿರುವ, ನಕ್ಷೆ ಸಿಗುವ, ನೂರು ಫಿರಂಗಿ ಇಲ್ಲದ ಹಡಗು ಯಾವುದಾದರೂ ಇದೆಯೇ? ಮತ್ತೆ ಪಂಚಗಂಗಾವಳಿ ಅವರಿಗೆ: ಗಂಗೊಳ್ಳಿಯ ಮಳೆಗಾಲದಲ್ಲಿ ನೀವು ಈ ಕೆಲಸ ಹೇಗೆ ಮಾಡುತ್ತೀರಿ?

ಉತ್ತರ ಸಮುದ್ರ, ಡರ್ಹಮ್

ಮೊದಲ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಹಡಗು ಇಂಗ್ಲೆಂಡಿನಲ್ಲಿ ನಮ್ಮ ಮನೆಯಿಂದ ಅರ್ಧ ಗಂಟೆಯ ಹಾದಿಯಲ್ಲಿದೆ. ಹಾರ್ಟ್‌ಲ್‌ಪೂಲ್‌ನಲ್ಲಿ ನಿಂತಿರುವ ‘ಟ್ರಿಂಕೋಮಲೀ’. ಮುಂಬೈಯ ವಾಡಿಯಾ ಹಡಗುಕಟ್ಟೆಯಲ್ಲಿ ಮಲಬಾರಿನ ತೇಗದಲ್ಲಿ ಕಟ್ಟಿದ್ದು, 1817ರ ಅಕ್ಟೋಬರ್ 12ರಂದು ನೀರಿಗಿಳಿಯಿತು. ಬ್ರಿಟನ್ನಿನ ಯುದ್ಧನೌಕೆಗಳಲ್ಲಿ ಇಂದಿಗೂ ನೀರಿನ ಮೇಲೆ ತೇಲುತ್ತಿರುವ ಅತ್ಯಂತ ಹಳೆಯದು ಇದೇ. ವಿಕ್ಟರಿ ಇದಕ್ಕಿಂತ ಹಳೆಯದು, ಆದರೆ ಅದು 1922ರಿಂದ ಪೋರ್ಟ್ಸ್‌ಮತ್‌ನ ಒಣಕಟ್ಟೆಯಲ್ಲಿದೆ.

ಇದು 38 ಫಿರಂಗಿಗಳ ದರ್ಜೆಯ ಫ್ರಿಗೇಟ್, ಅಂದರೆ ವಿಕ್ಟರಿಯಂಥದ್ದಕ್ಕಿಂತ ಚಿಕ್ಕ ಯುದ್ಧನೌಕೆ. ನಕ್ಷೆಯ ಮೂಲ ಫ್ರೆಂಚರದು: 1782ರಲ್ಲಿ ಸೆರೆ ಹಿಡಿದ ‘ಹೆಬೆ’ ಎಂಬ ಹಡಗಿನ ಆಕಾರವನ್ನು ಬ್ರಿಟಿಷರು ನಕಲು ಮಾಡಿ ಇಡೀ ಒಂದು ವರ್ಗವನ್ನೇ ಕಟ್ಟಿದರು. ಮುಂಬೈಗೆ ಹೊರಟ ನಕ್ಷೆಗಳು ‘ಜಾವಾ’ ಎಂಬ ಹಡಗಿನಲ್ಲಿದ್ದವು. 1812ರ ಡಿಸೆಂಬರಿನಲ್ಲಿ ಬ್ರೆಜಿಲ್ ತೀರದ ಬಳಿ ಅಮೆರಿಕದ ‘ಕಾನ್‌ಸ್ಟಿಟ್ಯೂಷನ್’ ಅದನ್ನು ಸೋಲಿಸಿತು. ನಕ್ಷೆಗಳು ಹಡಗಿನ ಜೊತೆಗೇ ಹೋದವು, ಎರಡನೆಯ ಪ್ರತಿ ಕಳಿಸುವವರೆಗೆ ಕೆಲಸ ಕಾಯಿತು. ಕೊನೆಗೆ 1816ರಲ್ಲಿ ಅಡಿಮರ ಇಟ್ಟಾಗ ಜಮ್‌ಶೇಟ್‌ಜಿ ಬೊಮನ್‌ಜಿ ವಾಡಿಯಾ ಪಾರಸಿ ಸಂಪ್ರದಾಯದಂತೆ ಅದಕ್ಕೆ ಬೆಳ್ಳಿಯ ಮೊಳೆ ಹೊಡೆದರು.

ಕಟ್ಟುವ ಮೊದಲು ಯಾವ ವರ್ಷದ ಟ್ರಿಂಕೋಮಲೀ ಎಂದು ನಿರ್ಧರಿಸಿಕೊಳ್ಳಬೇಕು. ಇಂಗ್ಲೆಂಡಿಗೆ ಬಂದ ಮೇಲೆ ಅದನ್ನು ಬಹುಕಾಲ ಮೀಸಲಾಗಿ ಕಟ್ಟಿಹಾಕಿದ್ದರು. 1845ರಲ್ಲಿ ಹೊರತೆಗೆದಾಗ 26 ಫಿರಂಗಿಗಳ ಕಾರ್ವೆಟ್ (ಫ್ರಿಗೇಟ್‌ಗಿಂತ ಕೆಳಗಿನ ದರ್ಜೆ) ಆಗಿ ಮಾರ್ಪಡಿಸಿ, ಹಿಂಬದಿಯ ಆಕಾರವನ್ನೇ ಬದಲಿಸಿದರು. ಈಗ ನೋಡಲು ಸಿಗುವುದು ಆ ರೂಪ. 1817ರ ಹಡಗು ಬೇಕೆಂದರೆ ನಕ್ಷೆಗಳನ್ನೇ ನಂಬಬೇಕು. ಗ್ರೀನಿಚ್‌ನ ವಸ್ತುಸಂಗ್ರಹಾಲಯದಲ್ಲಿ ಈ ವರ್ಗದ ನಕ್ಷೆಗಳಿವೆ. ವಿಕ್ಟರಿಗೂ ಇದೇ ಗೊಂದಲವಿದೆ. 1765ರಲ್ಲಿ ಹಿಂಬದಿಯಲ್ಲಿದ್ದ ತೆರೆದ ಮೊಗಸಾಲೆಗಳು 1805ರ ಟ್ರಫಾಲ್ಗರ್ ಯುದ್ಧದ ಹೊತ್ತಿಗೆ ಮುಚ್ಚಿದ್ದವು. ಬಣ್ಣವೂ ಅಷ್ಟೇ, ಹಳೆಯ ಪದರಗಳನ್ನು ಪರೀಕ್ಷಿಸಿ 2015ರಲ್ಲಿ ಬಳಿದ ಬಣ್ಣ ಕಿಟ್‌ಗಳ ಗಾಢ ಹಳದಿಗಿಂತ ತುಂಬ ತಿಳಿಯಾಗಿದೆ.

ನಾನು ಸ್ವತಃ ಕಟ್ಟುವವಳಲ್ಲ. ವಾರಾಂತ್ಯದಲ್ಲಿ ನೋಡಲು ಹೋಗುತ್ತೇನೆ. ನಿಮಗೆ ಯಾವುದಾದರೂ ಭಾಗದ ಫೋಟೊ ಬೇಕಾದರೆ ತಿಳಿಸಿ, ತೆಗೆದು ಹಾಕುತ್ತೇನೆ. ಕೆಳ ಅಟ್ಟದಲ್ಲಿ ಬಗ್ಗಿಯೇ ನಡೆಯಬೇಕು, ಆದ್ದರಿಂದ ಕೋನ ಚೆನ್ನಾಗಿ ಬರುವ ಭರವಸೆ ಕೊಡಲಾರೆ.

ಪಂಚಗಂಗಾವಳಿ, ಗಂಗೊಳ್ಳಿ

ಡರ್ಹಮ್‌ನ ಅಮ್ಮ ಹೇಳಿದ ಹಡಗು ಒಳ್ಳೆಯ ಆಯ್ಕೆ. ಫಿರಂಗಿ ಅಟ್ಟದ ಉದ್ದ 150 ಅಡಿ, 1:64ರಲ್ಲಿ ಅಷ್ಟೇ 70 ಸೆಂ.ಮೀ. ಮೀರುತ್ತದೆ. ಮುಂಚಾಚಿದ ಕೂವೆ ಸೇರಿದರೆ ಇನ್ನೂ ಉದ್ದ. ಮೂರನೆಯ ನಾಲ್ಕನೆಯ ಮಾದರಿಯಾಗಿ ಇಟ್ಟುಕೊಳ್ಳಿ. ತೇಗದ ಹಡಗೆಂದು ತೇಗದಲ್ಲೇ ಕಟ್ಟಲು ಹೊರಟರೆ ಮಾತ್ರ ಚನ್ನಪಟ್ಟಣದವರಿಗೂ ನನಗೂ ಒಟ್ಟಿಗೆ ಸಿಟ್ಟು ಬರುತ್ತದೆ. ಅಮ್ಮ, ನನಗೊಂದು ಫೋಟೊ ಬೇಕು: ಚುಕ್ಕಾಣಿಯ ಕೀಲುಗಳು, ಹತ್ತಿರದಿಂದ.

ಮಳೆಗಾಲದ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ಇಂಗ್ಲಿಷ್ ಕೈಪಿಡಿಗಳಲ್ಲಿ ಇದಕ್ಕೆ ಅರ್ಧ ಪುಟವೂ ಇರುವುದಿಲ್ಲ. ಮರ ತೇವ ಕುಡಿದಾಗ ಉದ್ದಕ್ಕೆ ಬೆಳೆಯುವುದು ಇಲ್ಲವೆನ್ನುವಷ್ಟು ಕಡಿಮೆ, ಅಡ್ಡಕ್ಕೆ ಹಿಗ್ಗುತ್ತದೆ. ಮೊದಲು ಹೇಳಿದ 22 ಸಾಲುಗಳನ್ನು ಜುಲೈ ತಿಂಗಳಲ್ಲಿ ಹೊದಿಸಿ, ಮಾರ್ಚ್‌ನಲ್ಲಿ ಅವು ಶೇ 1ರಷ್ಟು ಕುಗ್ಗಿದರೂ 110 ಮಿ.ಮೀ.ಗೆ ಒಂದು ಮಿ.ಮೀ.ಗಿಂತ ಹೆಚ್ಚು ಜಾಗ ತೆರೆದುಕೊಳ್ಳುತ್ತದೆ. ಅದು ಎಲ್ಲ ಸಂದುಗಳಿಗೂ ಹಂಚಿಹೋಗುವುದಿಲ್ಲ, ಅಂಟು ಸಡಿಲವಿರುವ ಒಂದೆರಡು ಕಡೆ ಕೂದಲಿನಂತಹ ಬಿರುಕಾಗಿ ಬಾಯಿ ಬಿಡುತ್ತದೆ. ಆದ್ದರಿಂದ ಕರಾವಳಿಯಲ್ಲಿ ಒಡಲಿನ ಹಲಗೆಯ ಕೆಲಸ ದೀಪಾವಳಿಯ ನಂತರ. ಮಳೆಯಲ್ಲಿ ರಾಟೆ, ಲಂಗರು, ಏಣಿ, ಪುಟ್ಟ ದೋಣಿ ಇತ್ಯಾದಿ ಬಿಡಿಭಾಗಗಳು. ಬೆಂಗಳೂರಿನಲ್ಲಿ ಇಷ್ಟು ಕಟ್ಟುನಿಟ್ಟು ಬೇಡ, ಆದರೆ ತಂದ ಮರವನ್ನು ಕೆಲವು ವಾರ ಅದೇ ಕೋಣೆಯಲ್ಲಿ ತೆರೆದಿಟ್ಟು ಆಮೇಲೆ ಕತ್ತರಿಸಿ. ಬಾಲ್ಕನಿಯಲ್ಲಿ ಇಡಬೇಡಿ.

ಹಲಗೆ ಬಗ್ಗಿಸಲು ಎಲ್ಲರೂ ಗಂಟೆಗಟ್ಟಲೆ ನೆನೆಸುತ್ತಾರೆ. ನೆನೆದ ಪಟ್ಟಿಯನ್ನು ಹಾಗೆಯೇ ಅಂಟಿಸಿದರೆ ಒಣಗುವಾಗ ಮೇಲಿನ ಲೆಕ್ಕವೇ ಮರುಕಳಿಸುತ್ತದೆ. ತುಸು ಒದ್ದೆ ಮಾಡಿ, ಕೂದಲು ನೇರ ಮಾಡುವ ಯಂತ್ರದ ಬಿಸಿಯಲ್ಲಿ ಬಗ್ಗಿಸಿ, ಆಕಾರಕ್ಕೆ ಕ್ಲಿಪ್ ಹಾಕಿ ಒಂದು ರಾತ್ರಿ ಬಿಡಿ. ಒಣಗಿದ ಮೇಲೆ ಅಂಟು. ಯಂತ್ರ ನಿಮ್ಮದೇ ಇರಲಿ, ಮನೆಯವರದ್ದನ್ನು ಕೇಳಬೇಡಿ.

ಹಗ್ಗಕ್ಕೆ ಹತ್ತಿ ದಾರ ಬೇಡ. ಹತ್ತಿ, ನಾರು ಎರಡೂ ತೇವಕ್ಕೆ ಬಿಗಿಯುತ್ತವೆ, ಒಣಗಿದಾಗ ಜೋಲುತ್ತವೆ. ಸಪೂರ ಕೂವೆಯ ತುದಿಯನ್ನು ಬಗ್ಗಿಸುವಷ್ಟು ಬಲ ಅವುಗಳಿಗಿದೆ. ಹೊಳಪಿಲ್ಲದ ಪಾಲಿಯೆಸ್ಟರ್ ದಾರ ತನ್ನಿ. ಕೂವೆಯನ್ನು ಹಿಡಿದು ನಿಲ್ಲಿಸುವ, ಅಲುಗದ ಹಗ್ಗಗಳಿಗೆ ಡಾಂಬರು ಬಳಿಯುತ್ತಿದ್ದುದರಿಂದ ಅವು ಕಪ್ಪುಗಂದು; ಹಾಯಿ ಏರಿಸಿ ಇಳಿಸುವವು ತಿಳಿಗಂದು. ನಾವಿಕರು ಹತ್ತುವ ಹಗ್ಗದ ಮೆಟ್ಟಿಲುಗಳ ನಡುವಿನ ಅಂತರ ನಿಜದಲ್ಲಿ 13ರಿಂದ 15 ಅಂಗುಲ, 1:64ರಲ್ಲಿ 6 ಮಿ.ಮೀ. ಮೀರಬಾರದು. ಅಂಗಡಿಗಳಲ್ಲಿ ಮಾರುವ ಅಲಂಕಾರದ ಹಡಗುಗಳಲ್ಲಿ ಆ ಮೆಟ್ಟಿಲುಗಳನ್ನು ನೋಡಿ, ಹತ್ತಬೇಕಾದರೆ ನಾವಿಕ ಎರಡಾಳು ಎತ್ತರವಿರಬೇಕು.

ಅಟ್ಟದ ಹಲಗೆಗಳ ನಡುವೆ ಡಾಂಬರಿನ ಗೆರೆ ಕಾಣಬೇಕಲ್ಲ, ಅದಕ್ಕೆ ಪ್ರತಿ ಪಟ್ಟಿಯ ಒಂದು ಅಂಚಿಗೆ ಮೆತ್ತನೆಯ ಪೆನ್ಸಿಲ್ ಉಜ್ಜಿದರೆ ಸಾಕು. ಎರಡೂ ಅಂಚಿಗೆ ಉಜ್ಜಿದರೆ ಗೆರೆ ದಪ್ಪವಾಗುತ್ತದೆ.

ಕೊನೆಗೆ ಗಾಜಿನ ಪೆಟ್ಟಿಗೆ. ಬೆಂಗಳೂರಿನ ಧೂಳಿಗೆ ಅದು ಬೇಕೇ ಬೇಕು. ಆದರೆ ಗಾಳಿಯಾಡದಂತೆ ಮುಚ್ಚಬೇಡಿ. ಕಿಟ್‌ಗಳಲ್ಲಿ ಬರುವ ಕೆಲವು ಎರಕದ ಭಾಗಗಳಲ್ಲಿ ಸೀಸ ಇರುತ್ತದೆ. ಪ್ಲೈವುಡ್ಡಿನಿಂದಲೂ ಕೆಲವು ಮರಗಳಿಂದಲೂ ಹೊರಬರುವ ಆಮ್ಲದ ಆವಿ ಮುಚ್ಚಿದ ಪೆಟ್ಟಿಗೆಯಲ್ಲಿ ಸೇರಿಕೊಂಡರೆ ಸೀಸ ಬಿಳಿ ಪುಡಿಯಾಗಿ ಉದುರುತ್ತದೆ. ಹಿಂಬದಿಯಲ್ಲಿ ಕೆಳಗೆರಡು, ಮೇಲೆರಡು ತೂತು ಕೊರೆದು ಸಣ್ಣ ಕಣ್ಣಿನ ಬಲೆ ಅಂಟಿಸಿ. ಗಾಜು ಕೂರಿಸಲು ವಿನೆಗರ್ ವಾಸನೆಯ ಸಿಲಿಕಾನ್ ಬಳಸಬೇಡಿ, ಅದರ ಆವಿಯೂ ಅದೇ ಆಮ್ಲ. ವಾಸನೆಯಿಲ್ಲದ ಬಗೆಯದ್ದು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ‘ನ್ಯೂಟ್ರಲ್’ ಎಂದು ಕೇಳಿ ತನ್ನಿ.